ಠೇವಣಿ ಎಂದು ಹೇಳಿ ಅಪ್ಪನಿಗೆ ಕೊಟ್ಟದ್ದು ಯುಲಿಪ್ ಎಂಬ ವಿಮೆ

ಮನೆಯಲ್ಲಿ ನಿವೃತ್ತ ಹಿರಿಯರಿದ್ದು, ಅವರ ಠೇವಣಿಯ ಅವಧಿ ಮುಗಿಯುವ ಹೊತ್ತಾಗಿದ್ದರೆ ದಯವಿಟ್ಟು ಇದನ್ನು ಓದಿ.

ಅಪ್ಪ ಪ್ರೌಢಶಾಲೆಯ ಮೇಷ್ಟರಾಗಿದ್ದವರು. ಅಮ್ಮನ ಮಂಡಿ ಶಸ್ತ್ರಚಿಕಿತ್ಸೆಗೆಂದು ಎತ್ತಿಟ್ಟಿದ್ದ ಮೂರು ಲಕ್ಷ ರೂಪಾಯಿ ಠೇವಣಿಯನ್ನು ನವೀಕರಿಸಲು ಬ್ಯಾಂಕಿಗೆ ಹೋಗಿದ್ದರು. ಅಲ್ಲಿಯ ಸಿಬ್ಬಂದಿಯೊಬ್ಬರು ಕೂರಿಸಿ, ಕಾಫಿ ತರಿಸಿ, "ಸರ್, ಇದೂ ಠೇವಣಿಯ ಹಾಗೆಯೇ, ಬಡ್ಡಿ ಮಾತ್ರ ಹೆಚ್ಚು. ಒಂದು ಸಲ ಕಟ್ಟಿದರೆ ಸಾಕು" ಎಂದು ಇಂಗ್ಲಿಷ್ ಅರ್ಜಿಗೆ ಸಹಿ ಹಾಕಿಸಿಕೊಂಡರು. ವಿಮಾ ಕಂಪನಿಯಿಂದ ಫೋನ್ ಬಂದಾಗ ಎಲ್ಲದಕ್ಕೂ ಹೌದು ಎನ್ನಬೇಕೆಂದೂ ಹೇಳಿಕೊಟ್ಟರು. ಅಪ್ಪ ಹಾಗೆಯೇ ಹೌದು ಎಂದರು. ನಾವು ದೂರು ಕೊಟ್ಟಾಗ ಕಂಪನಿ ಮುಂದಿಟ್ಟ ಸಾಕ್ಷಿ ಅದೇ ಧ್ವನಿಮುದ್ರಣ.

ಮರುವರ್ಷ "ಎರಡನೇ ಕಂತು ಬಾಕಿ" ಎಂಬ ನೋಟಿಸು ಬಂದಾಗಲೇ ವಿಷಯ ಹೊರಬಿದ್ದದ್ದು. ಬೀರುವಿನಿಂದ ಪಾಲಿಸಿಯ ಕಾಗದ, ಅಂದರೆ ಬಾಂಡ್ ತೆಗೆದು ನೋಡಿದರೆ ವಾರ್ಷಿಕ ಕಂತು ಮೂರು ಲಕ್ಷ, ಕಟ್ಟಬೇಕಾದ ಅವಧಿ ಐದು ವರ್ಷ. ಪಿಂಚಣಿಯಲ್ಲಿ ಬದುಕುವವರಿಗೆ ಹದಿನೈದು ಲಕ್ಷದ ಹೊರೆ! ಯುಲಿಪ್ ಎಂದರೆ ಷೇರುಪೇಟೆಗೆ ಜೋಡಿಸಿದ ವಿಮೆ. ಕಟ್ಟಿದ ಹಣದಲ್ಲಿ ಜೀವವಿಮೆಯ ವೆಚ್ಚ, ನಿರ್ವಹಣಾ ಶುಲ್ಕ ಕಳೆಯುತ್ತವೆ. ವಯಸ್ಸು ಹೆಚ್ಚಿದಷ್ಟೂ ವಿಮೆಯ ವೆಚ್ಚ ಹೆಚ್ಚು. ನಡುವೆ ನಿಲ್ಲಿಸಿದರೂ ಐದು ವರ್ಷ ತುಂಬುವವರೆಗೆ ಹಣ ಕೈಗೆ ಬರುವುದಿಲ್ಲ. ಅಮ್ಮನ ಮಂಡಿ ಐದು ವರ್ಷ ಕಾಯುತ್ತದೆಯೇ? ಚಿಕಿತ್ಸೆಗೆ ಒಡವೆ ಅಡವಿಡಬೇಕಾಯಿತು.

ಹೂಡಿಕೆಯೇ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. 2020ರ ಜನವರಿಯಲ್ಲಿ 42,000 ದಾಟಿದ್ದ ಷೇರುಪೇಟೆಯ ಸೂಚ್ಯಂಕ ಸೆನ್ಸೆಕ್ಸ್ ಮಾರ್ಚ್ 23ರಂದು 26,000ಕ್ಕಿಂತ ಕೆಳಗೆ ಮುಗಿಯಿತು. ಡಿಸೆಂಬರ್ ಕೊನೆಗೆ 47,000ಕ್ಕೂ ಮೇಲೇರಿತ್ತು. ಕಾಯಬಲ್ಲವರು ನಷ್ಟ ತುಂಬಿಕೊಂಡರು. ಮಾರ್ಚಿನಲ್ಲೇ ಆಸ್ಪತ್ರೆಗೆ ಕಟ್ಟಬೇಕಾದವರು ಏನು ಮಾಡಬೇಕಿತ್ತು? ಇಂಥ ದಿನಕ್ಕೆ ಬೇಕೇ ಬೇಕು ಎಂಬ ಹಣ ಉಳಿತಾಯವಾಗಿಯೇ ಇರಬೇಕು, ಬಡ್ಡಿ ಕಡಿಮೆಯಾದರೂ ಸರಿ. ಹಲವು ವರ್ಷ ಮುಟ್ಟದಿದ್ದರೂ ಸಂಸಾರ ನಡೆಯುತ್ತದೆ ಎನ್ನುವ ಹಣವನ್ನು ಮಾತ್ರ ಹೂಡಬಹುದು. ಆ ಸಿಬ್ಬಂದಿಗೆ ಇದು ಗೊತ್ತಿರಲಿಲ್ಲವೆಂದು ನಾನು ನಂಬುವುದಿಲ್ಲ. ಚಿಕಿತ್ಸೆಯ ಹಣವೆಂದು ಅಪ್ಪ ಬಾಯಿಬಿಟ್ಟು ಹೇಳಿದ್ದರು.

ಇನ್ನೊಂದು ಮಾತು. ಬ್ಯಾಂಕ್ ಠೇವಣಿಗೆ ಐದು ಲಕ್ಷದವರೆಗೆ ಠೇವಣಿ ವಿಮೆಯ ರಕ್ಷಣೆ ಇದೆ. ಅದೇ ಕಟ್ಟಡದಲ್ಲಿ, ಅದೇ ಮೇಜಿನ ಮೇಲೆ ಮಾರಿದ ಪಾಲಿಸಿಗೆ ಅದು ಅನ್ವಯಿಸುವುದಿಲ್ಲ. ಕಾಗದದಲ್ಲಿ "ಪ್ರೀಮಿಯಂ", "ನಾಮಿನಿ", "ಎನ್‌ಎವಿ" (ಹೂಡಿಕೆಯ ಒಂದು ಯುನಿಟ್ಟಿನ ಬೆಲೆ) ಇವು ಮೂರೂ ಒಟ್ಟಿಗೆ ಕಂಡರೆ ಅದು ಠೇವಣಿಯ ರಸೀದಿಯಲ್ಲ. ನಾಮಿನಿ ಠೇವಣಿಗೂ ಇರುತ್ತಾರೆ, ಉಳಿದೆರಡು ಇರುವುದಿಲ್ಲ.

ಕಂಪನಿ ನಮ್ಮ ದೂರನ್ನು ತಳ್ಳಿಹಾಕಿದ್ದರಿಂದ ವಿಮಾ ಕಂಪನಿಗಳ ಮೇಲಿನ ದೂರು ವಿಚಾರಿಸುವ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ಬರೆದಿದ್ದೇವೆ. ನೀವು ಅಲ್ಲಿಯವರೆಗೆ ಹೋಗುವಂತಾಗಬಾರದು. ಪಾಲಿಸಿ ಕೈಸೇರಿದ 30 ದಿನಗಳೊಳಗೆ ಬೇಡವೆಂದು ಹಿಂತಿರುಗಿಸಬಹುದು. ಅಲ್ಪಸ್ವಲ್ಪ ಕಡಿತವಾಗಿ ಹಣ ವಾಪಸಾಗುತ್ತದೆ. ಇವತ್ತೇ ಅಪ್ಪ ಅಮ್ಮನ ಬೀರು ತೆರೆಸಿ ಬಾಂಡ್ ಬಂದ ದಿನಾಂಕ ನೋಡಿ. ಗಡುವು ಉಳಿದಿದ್ದರೆ ಪತ್ರ ಬರೆದು ಕೊಟ್ಟು, ನಿಮ್ಮ ಪ್ರತಿಯ ಮೇಲೆ ಮೊಹರು ಹಾಕಿಸಿಕೊಳ್ಳಿ. ಬಾಯಿಮಾತಿನ ಭರವಸೆ ಕೇಳಿ ಎದ್ದು ಬರಬೇಡಿ.