ಸ್ವಿಚ್ ಎದುರು ಎರಡು ಪುಟ್ಟ ಕನ್ಸೋಲ್‌ಗಳು

ನಿಂಟೆಂಡೊ ಕಂಪನಿಯ ಸ್ವಿಚ್ ಎಂಬ ಕನ್ಸೋಲ್, ಅಂದರೆ ವಿಡಿಯೊ ಗೇಮ್ ಆಡುವ ಯಂತ್ರ, 15 ಕೋಟಿಗೂ ಹೆಚ್ಚು ಮಾರಾಟವಾಗಿದೆ. ಅದರ ಎದುರು ಸಣ್ಣ ಕಂಪನಿಗಳು ನಿಲ್ಲುತ್ತವೆಯೇ ಎಂದು ತಿಳಿಯಲು ಒಂದೂವರೆ ತಿಂಗಳು ಮೂರು ಯಂತ್ರಗಳನ್ನು ಸರದಿಯಂತೆ ಆಡಿದೆ: ನಿಂಟೆಂಡೊ ಸ್ವಿಚ್, ಪ್ಯಾನಿಕ್ ಕಂಪನಿಯ ಪ್ಲೇಡೇಟ್, ಬ್ಲೇಜ್ ಕಂಪನಿಯ ಎವರ್‌ಕೇಡ್.

ಹೆಚ್ಚು ಹೊತ್ತು ಕೈಯಲ್ಲಿದ್ದದ್ದು ಪ್ಲೇಡೇಟ್. ಅಮೆರಿಕದ ಪೋರ್ಟ್‌ಲ್ಯಾಂಡಿನ ಪ್ಯಾನಿಕ್, ಮ್ಯಾಕ್ ಕಂಪ್ಯೂಟರಿಗೆ ತಂತ್ರಾಂಶ ಮಾಡುತ್ತಿದ್ದ ಪುಟ್ಟ ಸಂಸ್ಥೆ. 2022ರಲ್ಲಿ ಅವರು ತಂದ ಈ ಹಳದಿ ಡಬ್ಬಿಯ ತೂಕ 86 ಗ್ರಾಂ, ಅಂಗಿ ಜೇಬಿನಲ್ಲಿ ಇದ್ದದ್ದೇ ಗೊತ್ತಾಗದು. ಪರದೆ ಬರೀ ಕಪ್ಪು-ಬಿಳುಪು, 400×240 ಚುಕ್ಕಿಗಳು. ಒಳಗೆ ದೀಪವಿಲ್ಲ. ರಾತ್ರಿ ಟೇಬಲ್ ಲ್ಯಾಂಪಿನ ಪಕ್ಕ ಕೂರಲೇಬೇಕು. ಆದರೆ ಮಧ್ಯಾಹ್ನ ಜಗಲಿಯಲ್ಲಿ ಸ್ವಿಚ್ ಪರದೆಯಲ್ಲಿ ನನ್ನ ಮುಖವೇ ಕಾಣುತ್ತಿದ್ದಾಗ, ಇದು ಅಚ್ಚು ಹಾಕಿದ ಕಾಗದದಷ್ಟು ಸ್ಪಷ್ಟವಾಗಿತ್ತು.

ಬದಿಯಲ್ಲೊಂದು ತಿರುಗಿಸುವ ಹಿಡಿ, ಕಾಫಿ ಬೀಜ ಪುಡಿ ಮಾಡುವ ಕೈಮಿಲ್ಲಿಗೆ ಇರುವಂಥದ್ದು. ಒಂದು ಆಟದಲ್ಲಿ ಹಿಡಿ ತಿರುಗಿಸಿದರೆ ಕಾಲ ಮುಂದೆ, ಹಿಂದಕ್ಕೆ ತಿರುಗಿಸಿದರೆ ಕಾಲವೂ ಹಿಂದೆ. ಇದನ್ನು ಗುಂಡಿಗಳಲ್ಲಿ ಆಡಿದರೆ ಸ್ವಾದವೇ ಉಳಿಯದು. ಯಂತ್ರದ ಜೊತೆ 24 ಆಟಗಳು, ವಾರಕ್ಕೆ ಎರಡರಂತೆ ತಾವಾಗಿ ಬರುತ್ತವೆ. ಸೋಮವಾರಕ್ಕೆ ಕಾಯುವ ಖುಷಿ ನನಗೆ ಎಷ್ಟೋ ವರ್ಷಗಳ ಮೇಲೆ ಸಿಕ್ಕಿತು. ಆಟ ಕಟ್ಟುವ ಸಲಕರಣೆಯೂ ಉಚಿತ. ಒಂದು ಭಾನುವಾರ ಬ್ರೌಸರಿನಲ್ಲೇ ಚಿಕ್ಕ ಆಟವೊಂದನ್ನು ಮಾಡಿ ಯಂತ್ರಕ್ಕೆ ಹಾಕಿಕೊಂಡೆ, ಯಾರ ಅನುಮತಿಯನ್ನೂ ಕೇಳಲಿಲ್ಲ.

ಬ್ರಿಟನ್ನಿನ ಎವರ್‌ಕೇಡ್ (2020) ಹಿಡಿದ ದಾರಿ ಬೇರೆ. ಹಳೆಯ ಆಟಗಳನ್ನು ಹಕ್ಕು ಪಡೆದು, ಯಂತ್ರಕ್ಕೆ ಸಿಕ್ಕಿಸುವ ಪುಟ್ಟ ಬಿಲ್ಲೆಯಂಥ ಕಾರ್ಟ್ರಿಜ್‌ನಲ್ಲಿ ಕೊಡುತ್ತಾರೆ, ಡಬ್ಬಿಯಲ್ಲಿ ಅಚ್ಚಾದ ಕೈಪಿಡಿ ಸಮೇತ. ಹಳೆಯ ಗೇಮ್ ಕಂಪನಿ ಅಟಾರಿಯ ಆಟಗಳ ಮೊದಲ ಕಾರ್ಟ್ರಿಜ್‌ನಲ್ಲೇ 20 ಆಟಗಳಿವೆ. ಹಾಕು, ಆಡು, ಅಷ್ಟೇ. ಹೊಸತು ಬೇಕೆನ್ನುವವರಿಗೆ ಇದು ಬೇಡ.

ಬೆಲೆಯಲ್ಲಿ ಮಾತ್ರ ಸಣ್ಣವರು ಗೆಲ್ಲಲಾರರು. ಪ್ಲೇಡೇಟ್ ಬಂದಾಗ 179 ಡಾಲರ್. ಸ್ವಿಚ್‌ನ ಅಗ್ಗದ ರೂಪವಾದ ಸ್ವಿಚ್ ಲೈಟ್, ಅದೂ ಬಣ್ಣದ ಪರದೆಯದು, 2019ರಲ್ಲಿ ಬಂದದ್ದು ಬರೀ 20 ಡಾಲರ್ ಹೆಚ್ಚಿಗೆ, 199ಕ್ಕೆ. ಕೋಟಿಗಟ್ಟಲೆ ಬಿಡಿಭಾಗ ಕೊಳ್ಳುವವನಿಗೆ ಸಿಗುವ ದರ ಇವರಿಗೆ ಎಲ್ಲಿಂದ ಸಿಗಬೇಕು? ಊಯಾ ಎಂಬ ಇನ್ನೊಂದು ಸಣ್ಣ ಕಂಪನಿಯ ಕನ್ಸೋಲ್ ನೆನಪಾಗುತ್ತದೆ. ಜನರಿಂದ ಹಣ ಕೂಡಿಸುವ ಕಿಕ್‌ಸ್ಟಾರ್ಟರ್ ತಾಣದಲ್ಲಿ 85 ಲಕ್ಷ ಡಾಲರಿಗೂ ಹೆಚ್ಚು ಕೂಡಿಸಿ, 2013ರಲ್ಲಿ 99 ಡಾಲರಿಗೆ ಟಿವಿ ಮುಂದೆ ಬಂದು ಕುಳಿತಿತು. ದೊಡ್ಡವರದ್ದೇ ಜಾಗ, ದೊಡ್ಡವರದ್ದೇ ಬಗೆಯ ಆಟ. ಎರಡೇ ವರ್ಷದಲ್ಲಿ ರೇಜರ್ ಎಂಬ ಕಂಪನಿಯ ಪಾಲಾಯಿತು, 2019ರ ಜೂನ್‌ನಲ್ಲಿ ಸರ್ವರ್ ಮುಚ್ಚಿತು. ಎವರ್‌ಕೇಡ್‌ಗೆ ಆ ಭಯವಿಲ್ಲ. ಆಟ ಕಾರ್ಟ್ರಿಜ್‌ನಲ್ಲೇ ಇದೆ.

ಮನೆಗೆ ಒಂದೇ ಕನ್ಸೋಲ್, ಅದರಲ್ಲಿ ನಾಲ್ಕು ಜನ ಆಡಬೇಕು ಎಂದರೆ ಸ್ವಿಚ್ ಕೊಳ್ಳಿ, ಬೇರೆ ಯೋಚನೆ ಬೇಡ. ನನ್ನ ಸ್ವಿಚ್ ಈಗ ಟಿವಿ ಪಕ್ಕ ಇದೆ. ಬಸ್ಸು ಹತ್ತುವಾಗ ಜೊತೆಗೆ ಬರುವುದು ಪ್ಲೇಡೇಟ್, ಕಿಟಕಿ ಪಕ್ಕದ ಸೀಟು ಸಿಕ್ಕರೆ ಇನ್ನೂ ಒಳ್ಳೆಯದು.