ಟರ್ನರ್ ಫೀಲ್ಡ್, ಟ್ರೂಯಿಸ್ಟ್ ಪಾರ್ಕ್: ಬ್ರೇವ್ಸ್ ಆಟಕ್ಕೆ ಹೋಗಿಬರಲು ಯಾವುದು ಸಲೀಸು?

ಅಮೆರಿಕದ ಅಟ್ಲಾಂಟಾ ಬ್ರೇವ್ಸ್ ಬೇಸ್‌ಬಾಲ್ ತಂಡ 2017ರ ಏಪ್ರಿಲ್‌ನಲ್ಲಿ ಡೌನ್‌ಟೌನ್ ಬಿಟ್ಟು, ಹತ್ತು ಮೈಲಿ ವಾಯವ್ಯಕ್ಕಿರುವ ಕಾಬ್ ಕೌಂಟಿಗೆ ಹೋಯಿತು. ನಗರದ ಉತ್ತರಕ್ಕೆ ಆಲ್ಫರೆಟ್ಟಾ, ಜಾನ್ಸ್ ಕ್ರೀಕ್, ಕಮಿಂಗ್ ಕಡೆ ಇರುವ ನಮ್ಮ ಕನ್ನಡದವರಿಗೆ ನಕ್ಷೆಯಲ್ಲಿ ಮೈದಾನ ಹತ್ತಿರ ಬಂದಿದೆ. ಗಡಿಯಾರದಲ್ಲೂ ಹತ್ತಿರ ಬಂದಿದೆಯೇ ಎಂಬುದು ಬೇರೆ ಮಾತು.

ಮೊದಲು ಹಳೆಯದು. ಟರ್ನರ್ ಫೀಲ್ಡ್ 1996ರ ಒಲಿಂಪಿಕ್ಸ್‌ಗೆಂದು ಕಟ್ಟಿ, ಮರುವರ್ಷ ಬೇಸ್‌ಬಾಲ್‌ಗೆ ಬದಲಿಸಿಕೊಂಡ ಮೈದಾನ. ಸುಮಾರು 50,000 ಸೀಟು. ಐ-20 ಮತ್ತು ಐ-75/85 ಹೆದ್ದಾರಿಗಳು ಕೂಡುವಲ್ಲೇ ಇತ್ತು, ಆದರೆ ಅಟ್ಲಾಂಟಾದ ಸಾರ್ವಜನಿಕ ಸಾರಿಗೆಯಾದ ಮಾರ್ಟಾದ ರೈಲು ಬಾಗಿಲವರೆಗೆ ಬರುತ್ತಿರಲಿಲ್ಲ. ದಾರಿ ಎರಡು: ಫೈವ್ ಪಾಯಿಂಟ್ಸ್‌ನಲ್ಲಿ ಇಳಿದು ಶಟಲ್ ಬಸ್ಸು, ಇಲ್ಲವೇ ಜಾರ್ಜಿಯಾ ಸ್ಟೇಟ್ ನಿಲ್ದಾಣದಿಂದ ಕ್ಯಾಪಿಟಲ್ ಅವೆನ್ಯೂ ಹಿಡಿದು ಒಂದು ಮೈಲಿಯಷ್ಟು ನಡಿಗೆ. ಹೋಗುವಾಗ ಶಟಲ್ ಸರಿ. ಬರುವಾಗ ಎಲ್ಲರೂ ಒಟ್ಟಿಗೆ ಹೊರಬೀಳುವುದರಿಂದ ಬಸ್ಸಿನ ಸಾಲಿಗಿಂತ ಇಪ್ಪತ್ತು ನಿಮಿಷದ ನಡಿಗೆಯೇ ಬೇಗ. 2.50 ಡಾಲರ್ ಟಿಕೆಟ್ ದರದಲ್ಲಿ ನಾಲ್ಕು ಜನರ ಕುಟುಂಬ ಹೋಗಿಬರಲು 20 ಡಾಲರ್ ಆಗುತ್ತಿತ್ತು. ಆಟ ಎಷ್ಟು ಲಂಬಿಸಿದರೂ ರೈಲು ತಪ್ಪುವ ಭಯ ಕಡಿಮೆ. ಮೈದಾನದ ಸುತ್ತ ಊಟಕ್ಕೆ, ಹೊತ್ತು ಕಳೆಯಲು ಮಾತ್ರ ಏನೂ ಇರಲಿಲ್ಲ, ಬರೀ ಪಾರ್ಕಿಂಗ್ ಬಯಲು. ಬ್ರೇವ್ಸ್‌ನ ಹೆಸರಾಂತ ಆಟಗಾರ ಹ್ಯಾಂಕ್ ಆರನ್ 1974ರಲ್ಲಿ 715ನೇ ಹೋಮ್ ರನ್ ಹೊಡೆದ ಅದಕ್ಕೂ ಹಳೆಯ ಮೈದಾನವನ್ನು ಕೆಡವಿ ಮಾಡಿದ್ದೂ ಪಾರ್ಕಿಂಗ್ ಬಯಲನ್ನೇ.

ಹೊಸ ಮೈದಾನ ಐ-75 ಮತ್ತು ಐ-285 ಕೂಡುವ ಮೂಲೆಯಲ್ಲಿದೆ. ಸುಮಾರು 41,000 ಸೀಟು. 2020ರಿಂದ ಟ್ರೂಯಿಸ್ಟ್ ಪಾರ್ಕ್ ಎಂಬ ಹೆಸರು. ಅಂಟಿಕೊಂಡೇ ಇರುವ ಬ್ಯಾಟರಿ ಎಂಬ ಪೇಟೆಯಲ್ಲಿ ಹೋಟೆಲು, ಅಂಗಡಿ ಎಲ್ಲ ಉಂಟು. ಇಲ್ಲದ್ದು ರೈಲು. ಮೈದಾನಕ್ಕೆ ಸುಮಾರು 30 ಕೋಟಿ ಡಾಲರ್ ಸಾರ್ವಜನಿಕ ಹಣ ಕೊಟ್ಟ ಈ ಕೌಂಟಿಯ ಮತದಾರರು 1965ರಲ್ಲೇ ಮಾರ್ಟಾ ಬೇಡವೆಂದಿದ್ದರು. ಸಾರಿಗೆಗೆಂದು ಒಂದು ಶೇಕಡಾ ಮಾರಾಟ ತೆರಿಗೆ ಹಾಕುವ ಪ್ರಸ್ತಾಪವನ್ನು 2024ರ ನವೆಂಬರ್‌ನಲ್ಲೂ ತಳ್ಳಿಹಾಕಿದರು. ಹಾಗಾಗಿ ಈಗ ಇರುವ ಆಯ್ಕೆ ಮೂರು.

ಒಂದು, ಸ್ವಂತ ಕಾರು. ಪಾರ್ಕಿಂಗ್ ಪಾಸನ್ನು ಮನೆಯಲ್ಲೇ ಕೊಂಡುಬಿಡಿ, ಅಲ್ಲಿ ಹೋಗಿ ಜಾಗ ಹುಡುಕುತ್ತೇನೆಂದರೆ ಮೊದಲ ಇನಿಂಗ್ಸ್ ರಸ್ತೆಯಲ್ಲೇ ಮುಗಿಯುತ್ತದೆ. ಟಿಕೆಟ್, ಪಾಸ್ ಎರಡೂ ಫೋನಿನ ಬಾಲ್‌ಪಾರ್ಕ್ ಆ್ಯಪ್‌ನಲ್ಲೇ ಬರುತ್ತವೆ. ಗೇಟಿನ ಹತ್ತಿರ ನೆಟ್‌ವರ್ಕ್ ಸುಸ್ತಾಗುವುದರಿಂದ ಹೊರಡುವ ಮುಂಚೆಯೇ ಅವನ್ನು ಫೋನಿನ ವಾಲೆಟ್‌ಗೆ ಹಾಕಿಕೊಳ್ಳಿ. ಪಾರ್ಕಿಂಗ್ ಆರಿಸುವಾಗ ಮೈದಾನಕ್ಕೆ ಎಷ್ಟು ಹತ್ತಿರ ಎಂದು ನೋಡಬೇಡಿ, ಹೊರಗೆ ಬರುವ ದಾರಿ ಯಾವ ಕಡೆಗಿದೆ ಎಂದು ನೋಡಿ. ಆಟ ಮುಗಿದ ಮೇಲೆ ತೀರಾ ಹತ್ತಿರದ ಡೆಕ್‌ಗಳೇ ಕೊನೆಗೆ ಖಾಲಿಯಾಗುವುದು. ಉತ್ತರಕ್ಕೆ ಹೋಗುವವರಿಗೆ ಐ-75ರ ಪೂರ್ವ ಬದಿಯಲ್ಲಿ, ವಿಂಡಿ ರಿಡ್ಜ್ ಪಾರ್ಕ್‌ವೇ ಸೇತುವೆಯ ಆಚೆಗಿನ ಆಫೀಸ್ ಲಾಟ್‌ಗಳು ವಾಸಿ: ಸ್ವಲ್ಪ ನಡೆದರೆ ಕಾಬ್ ಪಾರ್ಕ್‌ವೇಯ ಜಾಮ್ ತಪ್ಪುತ್ತದೆ. ದಕ್ಷಿಣಕ್ಕಿರುವ ಗ್ಯಾಲರಿಯಾ ಕಟ್ಟಡಗಳ ಕಡೆ ನಿಲ್ಲಿಸಿದರೆ ಐ-285ರ ಮೇಲಿನ ಪಾದಚಾರಿ ಸೇತುವೆ ದಾಟಬೇಕು. ದಕ್ಷಿಣಕ್ಕೆ ಮರಳುವವರಿಗೆ ಅದೇ ಅನುಕೂಲ.

ಆಲ್ಫರೆಟ್ಟಾದಿಂದ ಬರುವವರನ್ನು ಕಾಡುವುದು ಜಾರ್ಜಿಯಾ 400 ಹೆದ್ದಾರಿಯಿಂದ ಐ-75ರವರೆಗಿನ ಐ-285, ಇಲ್ಲಿಯವರು ಟಾಪ್ ಎಂಡ್ ಎನ್ನುವ ಭಾಗ. ಕಚೇರಿ ಬಿಡುವ ಹೊತ್ತೂ ಆಟಕ್ಕೆ ಹೋಗುವ ಹೊತ್ತೂ ಒಂದೇ. ಇದನ್ನು ತಂಡದವರೂ ಬಲ್ಲರು: ಟರ್ನರ್ ಫೀಲ್ಡಿನಲ್ಲಿ 7:10ಕ್ಕಿದ್ದ ವಾರದ ದಿನದ ಆಟವನ್ನು 2017ರಲ್ಲಿ 7:35ಕ್ಕೆ ತಳ್ಳಿದರು, ಆಮೇಲೆ 7:20ಕ್ಕೆ ತಂದರು. ಐ-75ರ, ಟೋಲ್ ಕೊಟ್ಟು ಹೋಗುವ ಎಕ್ಸ್‌ಪ್ರೆಸ್ ಲೇನ್‌ಗಳನ್ನು ನಂಬಿ ಕೂರಬೇಡಿ. ಅವು ಬೆಳಿಗ್ಗೆ ದಕ್ಷಿಣಕ್ಕೆ, ಸಂಜೆ ಉತ್ತರಕ್ಕೆ ಹರಿಯುತ್ತವೆ. ಮ್ಯಾರಿಯೆಟಾ, ಕೆನೆಸಾ ಕಡೆಯವರಿಗೆ ಸಂಜೆ ಬರುವಾಗ ಅವುಗಳಿಂದ ಏನೂ ಸಿಗದು. ಟೋಲ್ ಕಟ್ಟುವ ಪೀಚ್ ಪಾಸ್ ಇದ್ದರೆ ಮನೆಗೆ ಮರಳುವಾಗ ಮಾತ್ರ ಪ್ರಯೋಜನ.

ಎರಡು, ರೈಲು ಮತ್ತು ಬಸ್ಸು. ಆರ್ಟ್ಸ್ ಸೆಂಟರ್ ನಿಲ್ದಾಣದಲ್ಲಿ ಇಳಿದು, ಕಾಬ್ ಕೌಂಟಿಯ ಬಸ್ ಸೇವೆ ಕಾಬ್‌ಲಿಂಕ್‌ನ 10ನೇ ನಂಬರ್ ಬಸ್ಸು. ಇದಕ್ಕಿಂತ ಅಗ್ಗದ ದಾರಿ ಇಲ್ಲ, ಆದರೆ ಇದು ಆಟಕ್ಕೆಂದೇ ಬಿಟ್ಟ ಬಸ್ಸಲ್ಲ. ಹೋಗುವಾಗ ಅದೂ ಐ-75ರ ಸಂಜೆಯ ಸಾಲಿನಲ್ಲೇ ನಿಲ್ಲುತ್ತದೆ. ರಾತ್ರಿ ಕೊನೆಯ ಬಸ್ಸಿನ ವೇಳೆ ನೋಡಿಕೊಳ್ಳದೆ ಹೊರಡಲೇಬಾರದು. 2023ರಲ್ಲಿ ಪಿಚ್ ಕ್ಲಾಕ್ (ಇಷ್ಟೇ ಸೆಕೆಂಡಿನಲ್ಲಿ ಚೆಂಡು ಎಸೆಯಬೇಕೆಂಬ ನಿಯಮ) ಬಂದ ಮೇಲೆ ಸರಾಸರಿ ಆಟ 2 ಗಂಟೆ 40 ನಿಮಿಷಕ್ಕೆ ಇಳಿದಿದೆ, ಅಂದರೆ 7:20ಕ್ಕೆ ಶುರುವಾದರೆ ಆಟ ಹತ್ತಕ್ಕೆ ಮುಗಿಯಬಹುದು. ಹೆಚ್ಚುವರಿ ಇನಿಂಗ್ಸ್ ಬಂದರೆ ಈ ಲೆಕ್ಕ ತಲೆಕೆಳಗು.

ಮೂರು, ರೈಲು ಮತ್ತು ಊಬರ್. ಮಾರ್ಟಾದ ರೆಡ್ ಲೈನ್‌ನ ಉತ್ತರ ತುದಿಯಾದ ನಾರ್ತ್ ಸ್ಪ್ರಿಂಗ್ಸ್ ನಿಲ್ದಾಣದಲ್ಲಿ ಕಾರು ಬಿಟ್ಟು ಆರ್ಟ್ಸ್ ಸೆಂಟರ್‌ವರೆಗೆ ರೈಲಿನಲ್ಲಿ ಹೋಗಿ, ಅಲ್ಲಿಂದ ಕ್ಯಾಬ್ ಮಾಡುವುದು. ನಡುವೆ ಬರುವ ಡನ್‌ವುಡಿ ನಿಲ್ದಾಣದಿಂದಲೇ ಕ್ಯಾಬ್ ಮಾಡಿದರೆ ಮತ್ತೆ ಅದೇ ಟಾಪ್ ಎಂಡ್‌ನಲ್ಲಿ ಸಿಕ್ಕಿಕೊಳ್ಳುತ್ತೀರಿ. ವಾಪಸಾಗುವಾಗ ಕೊನೆಯ ಔಟ್ ಆದ ಕೂಡಲೇ ಬುಕ್ ಮಾಡಿದರೆ ದರ ಏರಿರುತ್ತದೆ. ಬ್ಯಾಟರಿಯಲ್ಲಿ ಅರ್ಧ ಗಂಟೆ ಏನಾದರೂ ತಿನ್ನುತ್ತ ಕೂತರೆ ಇಳಿಯುತ್ತದೆ. ರಾತ್ರಿ ಒಂಬತ್ತರ ಮೇಲೆ ರೆಡ್ ಲೈನ್ ಲಿಂಡ್‌ಬರ್ಗ್ ನಿಲ್ದಾಣ ದಾಟಿ ದಕ್ಷಿಣಕ್ಕೆ ಬರುವುದಿಲ್ಲ ಎಂಬುದು ನೆನಪಿರಲಿ: ಆರ್ಟ್ಸ್ ಸೆಂಟರ್‌ನಲ್ಲಿ ಗೋಲ್ಡ್ ಲೈನ್ ಹತ್ತಿ ಲಿಂಡ್‌ಬರ್ಗ್‌ನಲ್ಲಿ ಬದಲಿಸಬೇಕು.

ಜನ ಬರುವುದು ಕಡಿಮೆಯಾಗಲಿಲ್ಲ ಎಂದು ತಂಡದ ಪರ ವಹಿಸುವವರು ಹೇಳುತ್ತಾರೆ. ನಿಜವೇ. 2016ರಲ್ಲಿ 20.2 ಲಕ್ಷ ಟಿಕೆಟ್, 2017ರಲ್ಲಿ 25 ಲಕ್ಷ, 2023ರಲ್ಲಿ 31.9 ಲಕ್ಷ. ಇದರಲ್ಲಿ ಹೊಸ ಮೈದಾನದ ಆಕರ್ಷಣೆಯೂ 2021ರ ವರ್ಲ್ಡ್ ಸೀರೀಸ್ ಗೆಲುವೂ ಸೇರಿವೆ. ಕ್ಲೇಟನ್ ಕೌಂಟಿಯಲ್ಲೋ ಡೌನ್‌ಟೌನ್‌ನ ದಕ್ಷಿಣದಲ್ಲೋ ಕಾರಿಲ್ಲದೆ ಇರುವ ಅಭಿಮಾನಿಗೆ ಮಾತ್ರ ಟರ್ನರ್ ಫೀಲ್ಡಿಗೆ ಸಾಟಿಯಾದ ದಾರಿ ಈ ಮೂರರಲ್ಲಿ ಒಂದೂ ಇಲ್ಲ. ಉತ್ತರದ ಕುಟುಂಬಗಳಿಗೆ ಮೊದಲನೆಯದೇ ಸೈ, ಅದೂ ಭಾನುವಾರ ಮಧ್ಯಾಹ್ನ 1:35ರ ಆಟಕ್ಕೆ. ಆ ಹೊತ್ತಿಗೆ ಟಾಪ್ ಎಂಡ್ ಹಗುರವಾಗಿರುತ್ತದೆ, ಕತ್ತಲಾಗುವ ಮುಂಚೆ ಮನೆ ಸೇರಬಹುದು. ಮಕ್ಕಳಿಗೆ ಟೋಪಿ ಮರೆಯಬೇಡಿ, ಜುಲೈ ಬಿಸಿಲು ಖಾರವಾಗಿರುತ್ತದೆ.