ಹದಿನೈದು ನಿಮಿಷದ ಆಪರೇಷನ್, ಆರು ವಾರದ ಹನಿ ಮದ್ದು: ಶಿವಮೊಗ್ಗದ ಕಣ್ಣಿನ ಆಸ್ಪತ್ರೆಯೊಂದರ ಅನುಭವ

ಕಳೆದ ಅಕ್ಟೋಬರ್ ಕೊನೆಯ ವಾರ ಶಿವಮೊಗ್ಗದ ಖಾಸಗಿ ಕಣ್ಣಿನ ಆಸ್ಪತ್ರೆಯೊಂದರಲ್ಲಿ ನನ್ನ ಬಲಗಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಾಯಿತು. ನನಗೆ 67 ವರ್ಷ. ಮನೆ ಇರುವುದು ತೀರ್ಥಹಳ್ಳಿಯಿಂದಲೂ ಒಳಗೆ, ತೋಟದ ಅಂಚಿನಲ್ಲಿ. ಹೊಗಳುವುದೂ ದೂರುವುದೂ ಎರಡೂ ಇರುವುದರಿಂದ ಆಸ್ಪತ್ರೆಯ ಹೆಸರನ್ನು ಬರೆಯುತ್ತಿಲ್ಲ. ಆಪರೇಷನ್ ಟೇಬಲ್ಲಿನ ಮೇಲೆ ಅಲ್ಲಿ ಸಿಕ್ಕ ಸೇವೆಗೆ ನಾನು ಪೂರ್ಣ ಅಂಕ ಕೊಡುತ್ತೇನೆ; ಮನೆಗೆ ಕಳಿಸುವಾಗ ಕೊಟ್ಟ ಸೇವೆಗೆ ಅರ್ಧವನ್ನೂ ಕೊಡಲಾರೆ.

ಪೊರೆ ಬಂದಿದೆಯೆಂದು ನನಗೆ ಮೊದಲು ತಿಳಿದದ್ದು ಓದುವಾಗ ಅಲ್ಲ, ಅಡಿಕೆ ಆರಿಸುವಾಗ. ಮೂವತ್ತು ವರ್ಷ ಬಣ್ಣ ನೋಡಿಯೇ ಬೆಟ್ಟೆ, ರಾಶಿ ಎಂಬ ಅಡಿಕೆಯ ಬಗೆಗಳನ್ನು ಬೇರೆ ಮಾಡಿದ ಕಣ್ಣಿಗೆ ಎಲ್ಲವೂ ಒಂದೇ ಕಂದಾಗಿ ಕಾಣತೊಡಗಿತು. ರಾತ್ರಿ ಮಂಡಗದ್ದೆಯ ತಿರುವುಗಳಲ್ಲಿ ಎದುರಿನಿಂದ ಬರುವ ಬಸ್ಸಿನ ದೀಪ ಒಡೆದು ಹತ್ತು ದೀಪವಾಗುತ್ತಿತ್ತು. ಆದರೂ ಒಂದು ವರ್ಷ ಸುಮ್ಮನಿದ್ದೆ, ಏಕೆಂದರೆ ನಮ್ಮ ಕಡೆ ಪೊರೆಯನ್ನೂ ಅಡಿಕೆಯಂತೆಯೇ ‘ಬಲಿಯಲಿ’ ಎಂದು ಕಾಯುವ ರೂಢಿ ಇದೆ. ಅದು ಹಳೆಯ ಕಾಲದ ಮಾತೆಂದು ವೈದ್ಯರು ಮೊದಲ ಭೇಟಿಯಲ್ಲಿಯೇ ತಿಳಿಸಿದರು. ಪೊರೆ ಎಂದರೆ ಕಣ್ಣಿನ ಮೇಲೆ ಕಟ್ಟಿದ ಪದರವಲ್ಲ, ಕಣ್ಣೊಳಗಿನ ಮಸೂರವೇ ಮಸುಕಾಗುವುದು. ಈಗ ಮಾಡುವ ಫೇಕೊ ವಿಧಾನದಲ್ಲಿ ಶ್ರವಣಾತೀತ ತರಂಗದಿಂದ ಆ ಮಸೂರವನ್ನು ಪುಡಿಮಾಡಿ ಹೀರಿ ತೆಗೆಯುವುದರಿಂದ, ಅದು ಹೆಚ್ಚು ಬಲಿತು ಗಟ್ಟಿಯಾದಷ್ಟೂ ಕೆಲಸ ಕಷ್ಟವಾಗುತ್ತದೆ.

ತಪಾಸಣೆಯ ದಿನ ನನಗೆ ತುಂಬ ಹಿಡಿಸಿದ್ದು ಅವರು ಕೇಳಿದ ಒಂದು ಪ್ರಶ್ನೆ. ಸಕ್ಕರೆ ಕಾಯಿಲೆ, ಬಿಪಿ, ರಕ್ತ ತೆಳುವಾಗುವ ಮಾತ್ರೆ ಇವನ್ನೆಲ್ಲ ಎಲ್ಲ ಕಡೆಯೂ ಕೇಳುತ್ತಾರೆ. ಇಲ್ಲಿಯ ನರ್ಸ್, ಮೂತ್ರ ಸಲೀಸಾಗಲು ಏನಾದರೂ ಮಾತ್ರೆ ನುಂಗುತ್ತೀರಾ ಎಂದೂ ವಿಚಾರಿಸಿದರು. ಪ್ರಾಸ್ಟೇಟ್ ತೊಂದರೆಗೆ ನಾನು ಎರಡು ವರ್ಷದಿಂದ ಟ್ಯಾಮ್ಸುಲೋಸಿನ್ ನುಂಗುತ್ತಿದ್ದೆ. ಅದಕ್ಕೂ ಕಣ್ಣಿಗೂ ಏನು ಸಂಬಂಧ ಎಂದು ನಕ್ಕೂಬಿಟ್ಟೆ. ಆ ಮಾತ್ರೆ ತೆಗೆದುಕೊಂಡವರಲ್ಲಿ ಕಣ್ಣಿನ ಪಾಪೆಯ ಸುತ್ತಲಿನ ಪರದೆ ಸಡಿಲವಾಗಿ, ಆಪರೇಷನ್ ನಡುವೆ ಪಾಪೆ ಕಿರಿದಾಗಬಹುದಂತೆ. ಮೊದಲೇ ಗೊತ್ತಿದ್ದರೆ ವೈದ್ಯರು ಅದಕ್ಕೆ ತಯಾರಾಗಿರುತ್ತಾರೆ. ಅರವತ್ತು ದಾಟಿದ ಗಂಡಸರು ಈ ಸಂಗತಿಯನ್ನು ಕೇಳದಿದ್ದರೂ ತಾವಾಗಿ ಹೇಳಬೇಕು.

ಕಣ್ಣುಗುಡ್ಡೆಯ ಉದ್ದ ಅಳೆದು, ತೆಗೆದ ಮಸೂರದ ಜಾಗದಲ್ಲಿ ಕೂರಿಸಲು ನನಗೆ 21.5 ಶಕ್ತಿಯ ಕೃತಕ ಲೆನ್ಸ್ ಬೇಕೆಂದು ಲೆಕ್ಕ ಹಾಕಿದ ಮೇಲೆ ಕೌನ್ಸೆಲಿಂಗ್ ಎಂಬ ಪುಟ್ಟ ಕೋಣೆಗೆ ಕಳಿಸಿದರು. ಅಲ್ಲಿದ್ದ ಹುಡುಗಿ ದರಪಟ್ಟಿಯನ್ನು ಮೇಲಿನಿಂದ ಕೆಳಗೆ, ಅಂದರೆ ದುಬಾರಿಯದರಿಂದ ಅಗ್ಗದ ಕಡೆಗೆ ಓದಿದಳು. “ಅಂಕಲ್, ಇದನ್ನು ಹಾಕಿಸಿಕೊಂಡರೆ ಕನ್ನಡಕವೇ ಬೇಡ” ಎಂದು ಮಲ್ಟಿಫೋಕಲ್ ಲೆನ್ಸನ್ನು ಎರಡು ಸಲ ಹೇಳಿದಳೇ ಹೊರತು, ಅದು ಬೆಳಕನ್ನು ದೂರಕ್ಕೂ ಹತ್ತಿರಕ್ಕೂ ಹಂಚುವುದರಿಂದ ರಾತ್ರಿಯ ದೀಪಗಳ ಸುತ್ತ ಬಳೆಯಂಥ ಪ್ರಭೆ ಕಾಣಬಹುದೆಂಬುದನ್ನು ನಾನು ಕೇಳುವ ತನಕ ಹೇಳಲಿಲ್ಲ. ರಾತ್ರಿ ಘಟ್ಟದ ರಸ್ತೆಯಲ್ಲಿ ಜೀಪು ಓಡಿಸುವ ನನಗೆ ಅದು ಬೇಡವಾಗಿತ್ತು. ದೂರದ ದೃಷ್ಟಿಗೆ ಹೊಂದಿಸಿದ ಸಾಮಾನ್ಯ ಮೊನೊಫೋಕಲ್ ಮಡಚುವ ಲೆನ್ಸನ್ನೇ ಆರಿಸಿದೆ. ಎಲ್ಲ ಸೇರಿ 26,000 ರೂಪಾಯಿ ಆಯಿತು. ಓದಲು ಕನ್ನಡಕ ಬೇಕೇ ಬೇಕು, ಅದರಲ್ಲಿ ಅವಮಾನವೇನೂ ಇಲ್ಲ.

ಆಪರೇಷನ್ ಬಗ್ಗೆ ಬರೆಯುವುದು ಕಡಿಮೆ. ಹುಬ್ಬಿನ ಮೇಲೆ ಗುರುತು ಹಾಕಿ, ಪಾಪೆ ಅರಳುವ ಹನಿಯನ್ನು ಮತ್ತೆ ಮತ್ತೆ ಬಿಟ್ಟು, ಸಾಲಾಗಿ ಎಂಟು ಜನರನ್ನು ಕೂರಿಸಿದ್ದರು. ಇಂಜೆಕ್ಷನ್ ಇಲ್ಲ, ಮರಗಟ್ಟಿಸುವ ಹನಿ ಮಾತ್ರ. “ಯಜಮಾನ್ರೇ, ದೀಪವನ್ನೇ ನೋಡ್ತಾ ಇರಿ, ತಲೆ ಅಲುಗಾಡಿಸಬೇಡಿ” ಎಂದರು ವೈದ್ಯರು. ಮೂರು ದೀಪ ಕರಗಿ ಒಂದಾದವು, ನೀರು ಸುರಿದಂತಾಯಿತು, ಯಂತ್ರ ಸಣ್ಣಗೆ ಗುಂಯ್ಗುಟ್ಟಿತು. ಮೂರು ಮಿಲಿಮೀಟರಿಗೂ ಕಡಿಮೆಯ ಸೀಳಿನಿಂದ ಆರು ಮಿಲಿಮೀಟರ್ ಅಗಲದ ಲೆನ್ಸ್ ಸುರುಳಿಯಾಗಿ ಒಳಗೆ ಹೋಗಿ ಅರಳಿತಂತೆ. ಹೊಲಿಗೆ ಇಲ್ಲ. ಹದಿನೈದು ನಿಮಿಷಕ್ಕೆ ಮುಗಿಯಿತು. ಮರುದಿನ ಬೆಳಗ್ಗೆ ಮತ್ತೆ ತೋರಿಸಬೇಕಿದ್ದುದರಿಂದ ಅರವತ್ತು ಕಿಲೋಮೀಟರಿಗೂ ಹೆಚ್ಚು ದೂರ ಹೋಗಿ ಬರುವ ಬದಲು ವಿನೋಬನಗರದ ತಂಗಿಯ ಮನೆಯಲ್ಲಿ ಉಳಿದೆವು.

ತೊಂದರೆ ಶುರುವಾದದ್ದು ಡಿಸ್ಚಾರ್ಜ್ ಕೌಂಟರಿನಲ್ಲಿ. ಔಷಧದ ಚೀಟಿ ಇಡೀ ಇಂಗ್ಲಿಷಿನಲ್ಲಿತ್ತು. ಸೋಂಕು ತಡೆಯುವ ಹನಿ ಒಂದು, ಊತ ಇಳಿಸುವ ಸ್ಟಿರಾಯ್ಡ್ ಹನಿ ಇನ್ನೊಂದು. ಎರಡನೆಯದನ್ನು ಮೊದಲ ವಾರ ದಿನಕ್ಕೆ ಆರು ಸಲ, ಮುಂದೆ ವಾರಕ್ಕೊಂದರಂತೆ ಇಳಿಸುತ್ತ ಆರು ವಾರ ಹಾಕಬೇಕು, ಎರಡರ ನಡುವೆ ಹತ್ತು ನಿಮಿಷ ಬಿಡಬೇಕು. ಇದನ್ನು ಕೌಂಟರಿನ ಹುಡುಗ ಒಂದೇ ಉಸಿರಿಗೆ ಹೇಳಿ ಮುಂದಿನ ಟೋಕನ್ ಕರೆದ. ನನ್ನ ಹೆಂಡತಿ ಮನೆಗೆ ಬಂದವಳೇ ಗೋಡೆಯ ಕ್ಯಾಲೆಂಡರಿನಲ್ಲಿ ಪ್ರತಿ ತಾರೀಖಿನ ಕೆಳಗೆ ಆರು ಗೆರೆ, ಐದು ಗೆರೆ ಎಂದು ಪೆನ್ಸಿಲಿನಲ್ಲಿ ಎಳೆದಿಟ್ಟು, ಹನಿ ಹಾಕಿದಂತೆಲ್ಲ ಒಂದೊಂದನ್ನು ಹೊಡೆದುಹಾಕುತ್ತಿದ್ದಳು. ಆ ಕ್ಯಾಲೆಂಡರ್ ಇಲ್ಲದಿದ್ದರೆ ನಾನು ಖಂಡಿತ ತಪ್ಪುತ್ತಿದ್ದೆ.

ಆದರೂ ಒಂದು ತಪ್ಪು ಆಗಿಯೇ ಹೋಯಿತು. ಐದನೆಯ ದಿನವೂ ಕಣ್ಣು ಕೆಂಪಾಗಿಯೇ ಇತ್ತು, ಬೆಳಕು ಚುಚ್ಚುತ್ತಿತ್ತು. ಚೀಟಿಯಲ್ಲಿದ್ದ ತುರ್ತು ಸಂಖ್ಯೆಗೆ ಮೂರು ಸಲ ಫೋನ್ ಮಾಡಿದೆ, ಮೂರು ಸಲವೂ ರಿಂಗಾಗಿ ನಿಂತಿತು. ನಮ್ಮಲ್ಲಿ ನೆಟ್‌ವರ್ಕ್ ಸಿಗಬೇಕಾದರೆ ಮನೆಯ ಹಿಂದಿನ ಗುಡ್ಡ ಹತ್ತಬೇಕು. ಕಪ್ಪು ಕನ್ನಡಕ ಹಾಕಿಕೊಂಡು, ಹೆಂಡತಿಯ ಭುಜ ಹಿಡಿದು ಮೂರು ಸಲ ಹತ್ತಿದವನಿಗೆ ಆ ರಿಂಗಿನ ಸದ್ದು ಹೇಗೆ ಕೇಳಿಸಿರಬೇಡ! ಕೊನೆಗೆ ತೀರ್ಥಹಳ್ಳಿಯ ಮೆಡಿಕಲ್ ಅಂಗಡಿಯವರು ಬಾಟಲಿಯನ್ನು ಕೈಗೆತ್ತಿಕೊಂಡು ಕೇಳಿದ್ದು ಒಂದೇ ಮಾತು: “ಅಲುಗಾಡಿಸಿ ಹಾಕ್ತೀರಲ್ವಾ?” ಆ ಸ್ಟಿರಾಯ್ಡ್ ಹನಿಯಲ್ಲಿ ಮದ್ದು ಬಿಳಿ ಪುಡಿಯಾಗಿ ತಳದಲ್ಲಿ ನಿಲ್ಲುತ್ತದೆ, ಚೆನ್ನಾಗಿ ಕುಲುಕದಿದ್ದರೆ ಮೇಲಿನ ನೀರಿನೊಂದಿಗೆ ಮದ್ದು ಸಾಕಷ್ಟು ಬರುವುದೇ ಇಲ್ಲ. ನಾವು ನಾಲ್ಕು ದಿನ ಹೆಚ್ಚುಕಡಿಮೆ ನೀರನ್ನೇ ಹಾಕಿದ್ದೆವು. ಕುಲುಕಿ ಹಾಕತೊಡಗಿದ ಮೇಲೆ ಮೂರು ದಿನದಲ್ಲಿ ಕೆಂಪು ಇಳಿಯಿತು. ಹೀಗೆ ಇಳಿದದ್ದು ನನ್ನ ಅದೃಷ್ಟ; ನೋವು ಹೆಚ್ಚಿದರೆ ಅಥವಾ ದೃಷ್ಟಿ ಕುಂದಿದರೆ ಒಂದು ದಿನವನ್ನೂ ಕಾಯದೆ ವೈದ್ಯರ ಬಳಿ ಓಡಬೇಕೆಂದು ಮುಂದಿನ ತಪಾಸಣೆಯಲ್ಲಿ ನನ್ನನ್ನು ಗದರಿಸಿದರು. ಫೋನ್ ಎತ್ತದವರನ್ನು ಯಾರು ಗದರಿಸಿದರೋ ತಿಳಿಯಲಿಲ್ಲ.

ಚೀಟಿಯ ಹಿಂಬದಿಯ ಸೂಚನೆಗಳು ಪೇಟೆಯ ಮನೆಗಾಗಿ ಬರೆದವು. ಟಿವಿ ನೋಡಬಹುದು, ಈಜುಕೊಳಕ್ಕೆ ಇಳಿಯಬಾರದು ಎಂದಿತ್ತು. ನಮ್ಮ ಮನೆಯಲ್ಲಿ ಈಜುಕೊಳವಿಲ್ಲ, ಬಚ್ಚಲ ಒಲೆ ಇದೆ. ಅಕ್ಟೋಬರ್ ಕೊನೆಯೆಂದರೆ ಅಡಿಕೆ ಕೊಯ್ಲು. ಅಂಗಳದಲ್ಲಿ ಸುಲಿದ ಸಿಪ್ಪೆಯ ಧೂಳು, ಹಿತ್ತಲಿನಲ್ಲಿ ಅಡಿಕೆ ಬೇಯಿಸುವ ಹಂಡೆಯ ಹೊಗೆ. ಹೊಗೆ, ಧೂಳು, ತಲೆಗೆ ನೀರು, ಬಗ್ಗಿ ಭಾರ ಎತ್ತುವುದು ಈ ನಾಲ್ಕನ್ನೂ ಮೊದಲ ವಾರಗಳಲ್ಲಿ ದೂರವಿಡಬೇಕಾಗಿದ್ದರೂ, ಒಲೆಯ ಹೊಗೆಯ ಮಾತನ್ನು ಯಾರೂ ಎತ್ತಿರಲಿಲ್ಲ. ಹಂಡೆಯನ್ನು ದಾಯಾದಿಯವರ ಕೊಟ್ಟಿಗೆಯ ಆಚೆ ಸಾಗಿಸಿ, ನಾನು ಹದಿನೈದು ದಿನ ಎದುರಿನ ಕೋಣೆಯಲ್ಲಿ ಬಾಗಿಲು ಹಾಕಿ ಕುಳಿತೆ. ಬೇಸಿಗೆಯಲ್ಲಿ ಪೊರೆ ತೆಗೆಸಬಾರದು ಎಂಬ ಮಾತನ್ನು ನಂಬಿ ಈ ತಿಂಗಳು ಆರಿಸಿಕೊಂಡವನು ನಾನೇ, ಅದಕ್ಕೆ ಆಸ್ಪತ್ರೆಯನ್ನು ದೂರಲಾರೆ. ವೈದ್ಯರ ಲೆಕ್ಕದಲ್ಲಿ ಇದಕ್ಕೆ ಋತುವಿನ ಹಂಗಿಲ್ಲ. ಪಕ್ಕದ ಮನೆಯ ಅಜ್ಜಿ ಮೂರನೆಯ ದಿನ ನಂದಿಬಟ್ಟಲು ಹೂವಿನ ರಸ ಹಿಂಡಿ ಬಟ್ಟಲಲ್ಲಿ ತಂದರು. ಗಾಯ ಮಾಗದ ಕಣ್ಣಿಗೆ ಯಾವ ರಸವನ್ನೂ ಬಿಡುವಂತಿಲ್ಲವೆಂದು ಅವರಿಗೆ ನೋವಾಗದಂತೆ ಹೇಳುವುದು ಆಪರೇಷನ್‌ಗಿಂತ ಕಷ್ಟವಾಯಿತು.

ಫಲದ ಬಗ್ಗೆ ನನ್ನಲ್ಲಿ ದೂರಿಲ್ಲ. ಎಡಗಣ್ಣು ಮುಚ್ಚಿ ನೋಡಿದರೆ ಪಂಚೆ ಬೆಳ್ಳಗಿದೆ. ಬಲಗಣ್ಣು ಮುಚ್ಚಿದರೆ ಅದೇ ಪಂಚೆಯನ್ನು ಚಹಾದಲ್ಲಿ ಅದ್ದಿ ತೆಗೆದಂತಿದೆ. ಇಷ್ಟು ವರ್ಷ ಹೆಂಡತಿ ಸರಿಯಾಗಿ ಒಗೆಯುತ್ತಿಲ್ಲವೆಂದು ನಾನು ಗೊಣಗಿದ್ದು ಅವಳಿಗೆ ಚೆನ್ನಾಗಿ ನೆನಪಿದೆ. ಆರು ವಾರದ ಮೇಲೆ ಓದುವ ಕನ್ನಡಕ ಕೊಟ್ಟರು. ಲೆನ್ಸಿನ ಹಿಂದಿನ ಪೊರೆಚೀಲ ಮುಂದೆಂದಾದರೂ ಮಸುಕಾದರೆ ಗಾಬರಿ ಬೇಡ, ಲೇಸರಿನಿಂದ ಕೆಲವೇ ನಿಮಿಷದಲ್ಲಿ ಸರಿಮಾಡಬಹುದು ಎಂದು ವೈದ್ಯರು ತಾವಾಗಿಯೇ ವಿವರಿಸಿದ್ದನ್ನು ಮೆಚ್ಚಿದೆ.

ಎಡಗಣ್ಣಿಗೂ ಅದೇ ಆಸ್ಪತ್ರೆಗೆ, ಅದೇ ವೈದ್ಯರ ಬಳಿಗೆ ಹೋಗುತ್ತೇನೆ, ಅಡಿಕೆಯೆಲ್ಲ ಮಂಡಿಗೆ ಹೋಗಿ ಹಂಡೆ ಮಗುಚಿಟ್ಟ ಮೇಲೆ. ಈ ಸಲ ಚೀಟಿಯನ್ನು ಕನ್ನಡದಲ್ಲಿ ಬರೆಸಿಕೊಳ್ಳದೆ ಕೌಂಟರಿನ ಮುಂದಿನಿಂದ ಏಳುವುದಿಲ್ಲ ಎಂದು ಹೆಂಡತಿ ಈಗಲೇ ಹೇಳಿಟ್ಟಿದ್ದಾಳೆ.